ಮಗುವಿನ ಪಕ್ಕ ಕೂತು ಓದಿಸುವುದು ಹೇಗೆ? ಸರ್ಕಾರಿ ಶಾಲೆಯಲ್ಲಿ ಪಾಲಕರ ಓದಿನ ಗಂಟೆ

ಮಕ್ಕಳ ಶಾಲೆಗೆ ಏನಾದರೂ ಮಾಡಬೇಕು ಅಂತ ಪಾಲಕರು ಮನಸ್ಸು ಮಾಡಿದಾಗ ಮೊದಲು ನೆನಪಾಗುವುದು ಸುಣ್ಣಬಣ್ಣ, ಆಮೇಲೆ ಫ್ಯಾನು, ನೀರಿನ ಫಿಲ್ಟರ್. ಇವೆಲ್ಲ ಬೇಕು. ಆದರೆ ನಮ್ಮ ಕೋಲಾರ ಜಿಲ್ಲೆಯ ಹಳ್ಳಿ ಶಾಲೆಗಳಿಗೆ ಇದಕ್ಕಿಂತ ಹೆಚ್ಚಾಗಿ ಬೇಕಾದವರು ಯಾರೆಂದರೆ, ನಾಲ್ಕನೇ ತರಗತಿಯ ಮಗು ಒಂದು ಪುಟ ಓದಲು ತಿಣುಕುವಾಗ ಅದರ ಪಕ್ಕ ಹತ್ತು ನಿಮಿಷ ತಾಳ್ಮೆಯಿಂದ ಕೂರುವ ಹಿರಿಯರು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಕಡೆ ಅವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ವಾರಕ್ಕೊಂದು ಗಂಟೆ, ಮೂರು ನಾಲ್ಕು ಜನ ಪಾಲಕರು, ಒಂದು ಜಮಖಾನ, ಒಂದಷ್ಟು ತೆಳ್ಳನೆ ಕಥೆ ಪುಸ್ತಕ. ಇಷ್ಟಿದ್ದರೆ ಓದಿನ ಗಂಟೆ ಶುರು ಮಾಡಬಹುದು. ಶುರುವಾದ ಎಷ್ಟೋ ಓದಿನ ಗಂಟೆಗಳು ಎರಡನೇ ತಿಂಗಳಿಗೆ ನಿಂತುಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅವು ನಿಂತದ್ದು ಪುಸ್ತಕ ಸಾಲದೆ ಅಲ್ಲ. ಪಕ್ಕ ಕೂತವರು ಮಗುವನ್ನು ಅಕ್ಷರಕ್ಕಕ್ಷರ ತಿದ್ದಿ ಸುಸ್ತು ಮಾಡಿದರು, ಮಗು ಮುಂದಿನ ವಾರ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯಿತು. ಹಾಗಾಗಿ ಈ ಲೇಖನದಲ್ಲಿ ಹೆಚ್ಚು ಜಾಗ ನಾಲ್ಕನೇ ಹೆಜ್ಜೆಗೇ ಹೋಗಿದೆ.

ಹೆಜ್ಜೆ 1: ಒಪ್ಪಿಗೆ ಬರಹದಲ್ಲಿರಲಿ

ಪಾಠದ ಹೊತ್ತಿನಲ್ಲಿ ಕೊಠಡಿ ಬಾಗಿಲಲ್ಲಿ ನಿಂತು ಮಾತಾಡಬೇಡಿ. ಸಂಜೆ ಮಕ್ಕಳು ಹೊರಟ ಮೇಲೆ ಮುಖ್ಯ ಶಿಕ್ಷಕರನ್ನು ಕಾಣಿ. "ನಮ್ಮ ಮಕ್ಕಳಿಗೆ ಓದೋದೇ ಬರಲ್ಲ ಸಾರ್" ಎಂದು ಮಾತು ತೆಗೆದರೆ ಅದು ದೂರಾಗುತ್ತದೆ, ಅವರು ಸಮಜಾಯಿಷಿಗೆ ಇಳಿಯುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. "ವಾರಕ್ಕೊಂದು ಗಂಟೆ ಬರ್ತೀವಿ, ಯಾವ ಮಕ್ಕಳ ಪಕ್ಕ ಕೂತರೆ ನಿಮಗೆ ಅನುಕೂಲ?" ಅಂತ ಕೇಳಿ. ಪಟ್ಟಿ ಅವರೇ ಕೊಡಲಿ. ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ ನಡೆಯುತ್ತದೆ, ಅಲ್ಲಿ ಪ್ರತಿ ಮಗುವೂ ತನ್ನದೇ ಮೆಟ್ಟಿಲಿನಲ್ಲಿರುತ್ತದೆ. ಆ ಏರ್ಪಾಡಿನ ನಡುವೆ ನಾವು ಕೈ ಹಾಕುವುದು ಬೇಡ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಂದ ಶುರು ಮಾಡಿ.

ಬಾಯಿಮಾತಿನ ಒಪ್ಪಿಗೆ ಸಾಲದು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇಂಥ ಸಮಿತಿಗೆ ಕಾನೂನಿನ ಬಲ ಕೊಟ್ಟಿತು: ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆ ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದೂ ಈ ಸಮಿತಿಯ ಕೆಲಸ. ಅಂದರೆ ಶಾಲೆಯೊಳಗೆ ಕಾಲಿಡಲು ಪಾಲಕರು ಅಂಜಬೇಕಾಗಿಲ್ಲ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ವಾರ, ಹೊತ್ತು, ಬರುವ ಪಾಲಕರ ಹೆಸರು ಇಷ್ಟನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ವರ್ಗಾವಣೆಯಾಗಿ ಹೊಸ ಮುಖ್ಯ ಶಿಕ್ಷಕರು ಬಂದು "ಇವರನ್ನು ಒಳಗೆ ಬಿಟ್ಟವರು ಯಾರು?" ಎಂದು ಕೇಳಿದ ದಿನ ಆ ಪುಟವೇ ಉತ್ತರ ಹೇಳುತ್ತದೆ.

ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಅಲ್ಲಿ ಪಾಲಕ-ಶಿಕ್ಷಕರ ಸಂಘದ ಮೂಲಕವೇ ಹೋಗಬೇಕು.

ಹೆಜ್ಜೆ 2: ದಿನ ಗೊತ್ತು ಮಾಡಿ

ಊರಿನ ಕೆಲಸ ನೋಡಿಕೊಂಡು ದಿನ ಆರಿಸಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ಸಂಜೆ ಹಾಲು ಕರೆಯುವುದಕ್ಕೆ ಮುಂಚೆ ಸಿಗುವ ಹೊತ್ತೇ ನಮ್ಮದು. ಬಿಸಿಯೂಟ ಮುಗಿದ ಮೇಲಿನ ಮೊದಲ ಗಂಟೆ ಹೆಂಗಸರಿಗೆ ಹೊಂದುತ್ತದೆ. ರೇಷ್ಮೆ ಸಾಕುವ ಮನೆಯವರು ಹುಳ ನಾಲ್ಕನೇ ಜ್ವರದಿಂದ ಎದ್ದ ಮೇಲೆ (ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎಡೆಬಿಡದೆ ಸೊಪ್ಪು ತಿನ್ನುವಾಗ) ಮನೆ ಬಿಟ್ಟು ಕದಲುವ ಹಾಗಿಲ್ಲ, ಟೊಮೆಟೊ ಕೀಳುವ ವಾರ ಯಾರೂ ಸಿಗುವುದಿಲ್ಲ. ಅದಕ್ಕೇ ಇಬ್ಬರು ಸಾಕಾಗುವ ಕಡೆ ನಾಲ್ವರ ಹೆಸರು ಬರೆಸಿ.

ಹೆಜ್ಜೆ 3: ಪುಸ್ತಕ

ಒಂದು ಪುಟಕ್ಕೆ ಎರಡು ಮೂರು ಸಾಲು, ದೊಡ್ಡ ಅಕ್ಷರ, ಅರ್ಧ ಪುಟ ಚಿತ್ರ. ಇದಕ್ಕಿಂತ ದಪ್ಪದ್ದು ಮೊದಲ ಮೂರು ತಿಂಗಳು ಬೇಡ. ಶಾಲೆಯ ಬೀರುವಿನಲ್ಲೇ ಇಂಥವು ಎಷ್ಟೋ ಸಲ ಕಟ್ಟು ಬಿಚ್ಚದೆ ಬಿದ್ದಿರುತ್ತವೆ, ಮೊದಲು ಅಲ್ಲಿ ಹುಡುಕಿ. ಇಲ್ಲವಾದರೆ ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದಂಥ ಪ್ರಕಾಶಕರ ಮಕ್ಕಳ ಪುಸ್ತಕ ಕೊಳ್ಳಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಓದುವ ಕಷ್ಟದ ಮಟ್ಟವನ್ನೂ ಅಲ್ಲೇ ಗುರುತು ಮಾಡಿರುತ್ತಾರೆ. ಜೆರಾಕ್ಸ್ ಮಾಡಿಸಿ ಪಿನ್ ಹೊಡೆದರೆ ಸಾಕು.

ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಮಿರಮಿರ ಮಿಂಚುವ ನೀತಿಕಥೆಗಳ ದಪ್ಪ ಪುಸ್ತಕ ತರಲೇಬೇಡಿ. ಅಕ್ಷರ ಇರುವೆಯಷ್ಟು, ವಾಕ್ಯ ಮಾರುದ್ದ, ಒತ್ತಕ್ಷರಗಳು ಮಸಿ ಹರಡಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. "ಮೂವತ್ತೇ ದಿನದಲ್ಲಿ ಓದು" ಅನ್ನುವ ಅಭ್ಯಾಸ ಪುಸ್ತಕವೂ ಬೇಡ, ಅದರಲ್ಲಿ ಓದಲು ಕಥೆಯೇ ಇರುವುದಿಲ್ಲ, ಪದಗಳ ಪಟ್ಟಿ ಮಾತ್ರ. ಮೊಬೈಲಿನಲ್ಲಿ ಕಥೆ ಹಾಕಿ ತೋರಿಸುವುದು ಸುಲಭದ ದಾರಿ, ಆದರೆ ಆ ಗಂಟೆಯಲ್ಲಿ ಫೋನು ಚೀಲದಲ್ಲೇ ಇರಬೇಕು. ಪರದೆ ತೆರೆದ ಕೂಡಲೇ ಪಕ್ಕದ ನಾಲ್ಕು ಮಕ್ಕಳೂ ಪುಸ್ತಕ ಬಿಟ್ಟು ಎದ್ದು ಬರುತ್ತವೆ.

ಹೆಜ್ಜೆ 4: ಪಕ್ಕ ಕೂರುವುದು

ಎದುರಿಗೆ ಕೂರಬೇಡಿ. ಎದುರು ಕೂತವರು ಪರೀಕ್ಷೆ ಮಾಡುವವರ ಹಾಗೆ ಕಾಣುತ್ತಾರೆ. ಮಗುವಿನ ಪಕ್ಕ, ಅದೇ ಜಮಖಾನದ ಮೇಲೆ, ಹೆಗಲಿಗೆ ಹೆಗಲು ಸಮವಾಗುವಂತೆ ಕೂತುಕೊಳ್ಳಿ. ಪುಸ್ತಕ ಮಗುವಿನ ಕೈಯಲ್ಲಿರಲಿ. ಪುಟ ತಿರುವುವುದು ಮಗು, ಸಾಲಿನ ಕೆಳಗೆ ಬೆರಳಿಡುವುದೂ ಮಗುವೇ. ನಿಮ್ಮ ಬೆರಳು ಪುಟಕ್ಕೆ ಬಂದರೆ ಮಗುವಿನ ಕಣ್ಣು ಅಕ್ಷರ ಬಿಟ್ಟು ನಿಮ್ಮ ಬೆರಳಿನ ಹಿಂದೆ ಹೋಗುತ್ತದೆ.

ಮೊದಲ ಎರಡು ನಿಮಿಷ ಓದಿಸಬೇಡಿ. ಚಿತ್ರ ನೋಡಿ ಮಾತಾಡಿ. "ಇದು ಯಾರ ಮನೆ ಇರಬಹುದು? ಈ ಅಜ್ಜಿ ಯಾಕೆ ಓಡ್ತಿದ್ದಾಳೆ?" ಕಥೆ ಯಾವುದರ ಬಗ್ಗೆ ಅಂತ ಗೊತ್ತಾದ ಮಗುವಿಗೆ ಮುಂದೆ ಬರುವ ಪದ ಊಹಿಸುವುದು ಸುಲಭ.

ಓದು ಶುರುವಾಯಿತು. ಮಗು ಒಂದು ಪದದಲ್ಲಿ ಸಿಕ್ಕಿಕೊಂಡಿತು. ಎಲ್ಲರೂ ಎಡವುವುದು ಇಲ್ಲೇ. ದೊಡ್ಡವರಿಗೆ ಮೌನ ತಡೆಯಲು ಆಗುವುದಿಲ್ಲ, ತಟ್ಟನೆ ಪದ ಹೇಳಿಬಿಡುತ್ತಾರೆ. ಹೇಳಬೇಡಿ. ಮನಸ್ಸಿನಲ್ಲೇ ನಿಧಾನವಾಗಿ ಐದರವರೆಗೆ ಎಣಿಸಿ. ಅಷ್ಟರಲ್ಲಿ ಬಹಳ ಮಕ್ಕಳು ತಾವೇ ಬಿಡಿಸಿಕೊಳ್ಳುತ್ತವೆ. ಆಗಲಿಲ್ಲವೇ, "ಈ ಸಾಲು ಮೊದಲಿಂದ ಒಂದ್ಸಲ ಓದು" ಅನ್ನಿ. ಓಡಿಬಂದು ಕಾಲುವೆ ದಾಟಿದ ಹಾಗೆ, ಸಾಲಿನ ಮೊದಲಿಂದ ಬಂದ ಮಗು ಎಷ್ಟೋ ಸಲ ಆ ಪದವನ್ನು ದಾಟಿಬಿಡುತ್ತದೆ. ಆಗಲೂ ಆಗದಿದ್ದರೆ ಪದವನ್ನು ನೀವೇ ಹೇಳಿ, ಒಂದೇ ಸಲ ಹೇಳಿ, ಮುಂದಕ್ಕೆ ಹೋಗಿ. ಅದನ್ನೇ ಹತ್ತು ಸಲ ಹೇಳಿಸುವುದು ಬೇಡ, ಕಥೆ ಅಲ್ಲೇ ಸಾಯುತ್ತದೆ. ಒಂದೇ ಪುಟದಲ್ಲಿ ಐದಕ್ಕಿಂತ ಹೆಚ್ಚು ಕಡೆ ಹೀಗಾದರೆ ಪುಸ್ತಕ ಕಷ್ಟದ್ದು ಎಂದರ್ಥ. "ಇದನ್ನ ನಾನು ಓದಿ ಹೇಳ್ತೀನಿ, ನೀನು ಇನ್ನೊಂದು ತಗೋ" ಅನ್ನಿ.

ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು? ಇದು ತಿಳಿದರೆ ಅರ್ಧ ಕೆಲಸ ಆದಂತೆ. "ಹೊಲದಲ್ಲಿ" ಎಂದಿರುವುದನ್ನು ಮಗು "ಒಲ್ದಲ್ಲಿ" ಎಂದು ಓದಿದರೆ ತಿದ್ದಬೇಡಿ. ಅದು ಓದಿನ ತಪ್ಪಲ್ಲ. ಅಕ್ಷರವನ್ನು ಸರಿಯಾಗಿ ಗುರುತಿಸಿ ತನ್ನ ಊರಿನ ಉಚ್ಚಾರಣೆಯಲ್ಲಿ ಹೇಳಿದೆ. ಶಕಾರ ಸಕಾರ, ಅಲ್ಪಪ್ರಾಣ ಮಹಾಪ್ರಾಣಗಳೂ ಹೀಗೆಯೇ, ಅವನ್ನು ಶಿಕ್ಷಕರಿಗೆ ಬಿಡಿ. ಅದೇ ಮಗು "ಕಲ್ಲು" ಅನ್ನುವುದನ್ನು "ಕಲು" ಎಂದು ಓದಿ ಹಾಗೇ ಮುಂದೆ ಹೋದರೆ ಅಲ್ಲಿ ನಿಲ್ಲಿಸಬೇಕು, ಏಕೆಂದರೆ ಅದರ ಕಣ್ಣು ಕೆಳಗಿನ ಒತ್ತಕ್ಷರಕ್ಕೆ ಇಳಿದಿಲ್ಲ. "ಕೆಳಗೆ ಏನೋ ಇದೆ ನೋಡು" ಅಂದರೆ ಸಾಕು. ಎಲ್ಲಕ್ಕಿಂತ ಕಠಿಣ ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಅಕ್ಷರದ ಆಮೇಲೆ ಕೂರುತ್ತದೆ, ಹಾಗಾಗಿ "ಸೂರ್ಯ"ವನ್ನು "ಸೂಯರ್" ಎಂದೂ "ವರ್ಷ"ವನ್ನು "ವಷರ್" ಎಂದೂ ಓದುವ ಮಕ್ಕಳು ಬಹಳ. ಬೈಯಬೇಡಿ, ಮಗು ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ. ಅಂಥ ಪದ ಬರುವುದಕ್ಕೆ ಮುಂಚೆಯೇ ಒಂದೆರಡನ್ನು ಚೀಟಿಯಲ್ಲಿ ಬರೆದು ತೋರಿಸಿಟ್ಟರೆ ಒಳ್ಳೆಯದು.

ಇನ್ನು ಭಾಷೆ. ಮುಳಬಾಗಿಲು, ಶ್ರೀನಿವಾಸಪುರ, ಆ ಕಡೆ ಬಾಗೇಪಲ್ಲಿವರೆಗೂ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಕೆಜಿಎಫ್ ಕಡೆ ತಮಿಳು, ಊರೂರಲ್ಲೂ ಉರ್ದು ಮನೆಗಳಿವೆ. ಈ ಮಕ್ಕಳಿಗೆ "ಕನ್ನಡದಲ್ಲೇ ಹೇಳು" ಎಂದು ಗದರಿದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಒಮ್ಮೆ ನನ್ನ ಪಕ್ಕ ಕೂತಿದ್ದ ಹುಡುಗ ಬೆರಳನ್ನು ಒಂದೊಂದೇ ಅಕ್ಷರದ ಕೆಳಗೆ ಜರುಗಿಸುತ್ತಾ "ಕೋ... ಳಿ" ಎಂದು ಮೆಲ್ಲಗೆ ಕೂಡಿಸಿಕೊಂಡ, ಆಮೇಲೆ ತಲೆಯೆತ್ತಿ ಜೋರಾಗಿ "ಕೋಡಿ!" ಅಂದ. ಪದ ಓದಿದ್ದಾನೆ, ಅರ್ಥ ಮಾಡಿಕೊಂಡಿದ್ದಾನೆ, ಮನೆಯ ಮಾತಾದ ತೆಲುಗಿನಲ್ಲಿ ಹೇಳಿದ್ದಾನೆ. ಓದು ಅಂದರೆ ಇನ್ನೇನು? ಇಂಥ ಕಡೆ "ಹೌದು, ಕೋಡಿ. ಇಲ್ಲಿ ಕೋಳಿ ಅಂತ ಬರೆದಿದ್ದಾರೆ" ಅಂದು ಮುಂದುವರಿಯಿರಿ. ಕಥೆ ಮುಗಿದ ಮೇಲೆ ಅದನ್ನು ತೆಲುಗಿನಲ್ಲೇ ಹೇಳಲು ಬಿಡಿ. ತನ್ನ ಮಾತಿನಲ್ಲಿ ಕಥೆ ಹೇಳಬಲ್ಲ ಮಗು ಎರಡನೇ ಸಲ ಅದೇ ಪುಟವನ್ನು ಕನ್ನಡದಲ್ಲಿ ಹೆಚ್ಚು ಧೈರ್ಯದಿಂದ ಓದುತ್ತದೆ.

ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ. "ಕಾಗೆ ಎಲ್ಲಿ ಕೂತಿತ್ತು?" ಎಂಬಂಥ ಪಾಠದ ಪ್ರಶ್ನೆ ಬೇಡ. "ನೀನಾಗಿದ್ದರೆ ಏನು ಮಾಡ್ತಿದ್ದೆ?" ಅಂತ ಕೇಳಿ, ಉತ್ತರ ಏನೇ ಇರಲಿ ಪೂರ್ತಿ ಕೇಳಿಸಿಕೊಳ್ಳಿ. ಒಂದು ಮಗುವಿಗೆ ಹತ್ತು ನಿಮಿಷ. ಚೆನ್ನಾಗಿ ಓದುತ್ತಿದೆ ಅಂತ ಅರ್ಧ ಗಂಟೆ ಎಳೆಯಬೇಡಿ, ಇನ್ನೊಂದು ಪುಟ ಬೇಕು ಅನ್ನಿಸುವಾಗಲೇ ನಿಲ್ಲಿಸಿ.

ಓದು ಬಾರದ ಅಮ್ಮಂದಿರು ಏನು ಮಾಡಬೇಕು?

"ನನಗೇ ಅಕ್ಷರ ಬರಲ್ಲ, ನಾನ್ಯಾಕೆ ಬರಲಿ" ಅನ್ನುವ ತಾಯಂದಿರನ್ನು ಬಿಡಬೇಡಿ, ಕೈ ಹಿಡಿದು ಕರೆತನ್ನಿ. ನನ್ನ ಅನುಭವದಲ್ಲಿ ಅಂಥವರ ಪಕ್ಕ ಮಕ್ಕಳು ಇನ್ನೂ ಚೆನ್ನಾಗಿ ಓದುತ್ತವೆ, ಏಕೆಂದರೆ ಅವರು ತಿದ್ದುವುದಿಲ್ಲ. "ಆಮೇಲೆ ಏನಾಯ್ತು?" ಅಂತ ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಾರೆ, ಮಗು ಅವರಿಗೋಸ್ಕರ ಕಷ್ಟಪಟ್ಟು ಮುಂದಿನ ಸಾಲು ಓದಿ ಹೇಳುತ್ತದೆ. ಅವರಿಗೆ ಒಗಟು ಬರುತ್ತದೆ, ಹಾಡು ಬರುತ್ತದೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂದು ಒಬ್ಬರು ಒಗಟು ಹಾಕಲಿ, ಮಕ್ಕಳು ಮಲ್ಲಿಗೆ ಅಂತ ಬಿಡಿಸಿ ಒಗಟನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲಿ. ಮುಂದಿನ ವಾರ ಇನ್ನೊಂದು ಗುಂಪಿಗೆ ಓದಲು ಅದೇ ಪಾಠ. ಅಂಗಡಿಯಿಂದ ತಂದ ಯಾವ ಚಾರ್ಟಿಗಿಂತಲೂ ಇದನ್ನು ಮಕ್ಕಳು ಹೆಚ್ಚು ಸಲ ಓದುತ್ತವೆ.

ಹೆಜ್ಜೆ 5: ಬರೆದಿಡಿ

ಒಂದು ನೋಟ್ ಪುಸ್ತಕದಲ್ಲಿ ಮಗುವಿನ ಹೆಸರು, ದಿನ, ಓದಿದ ಪುಸ್ತಕ, ಎಷ್ಟನೇ ಪುಟ. ಅಂಕ ಬೇಡ, ದರ್ಜೆ ಬೇಡ.

ಹೆಜ್ಜೆ 6: ಕಟ್ಟುಪಾಡು

ಓದಿನ ಗಂಟೆ ವರಾಂಡದಲ್ಲಿ ಅಥವಾ ಬಾಗಿಲು ತೆರೆದ ಕೊಠಡಿಯಲ್ಲಿ ನಡೆಯಲಿ. ಕಡೇ ಪಕ್ಷ ಇಬ್ಬರು ದೊಡ್ಡವರಿರಲಿ, ಮಗುವನ್ನು ಒಬ್ಬರೇ ಎಲ್ಲಿಗೂ ಕರೆದುಕೊಂಡು ಹೋಗುವ ಹಾಗಿಲ್ಲ. ಫೋಟೋ ಬೇಡವೇ ಬೇಡ. ಓದಲು ತಡವರಿಸುವ ಮಗುವಿನ ವಿಡಿಯೋ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಬಿತ್ತೆಂದರೆ ಆ ಮಗು ಮತ್ತೆ ಪುಸ್ತಕ ಮುಟ್ಟುವುದಿಲ್ಲ, ಶಿಕ್ಷಕರು ನಿಮ್ಮನ್ನು ಮತ್ತೆ ನಂಬುವುದಿಲ್ಲ. ಯಾವ ಮಗು ಹಿಂದಿದೆ ಅನ್ನುವ ಮಾತು ಶಾಲೆಯ ಗೇಟು ದಾಟಬಾರದು, ಆ ಮಗುವಿನ ಅತ್ತೆ ಚಿಕ್ಕಮ್ಮ ಕೇಳಿದರೂ ಸರಿ. ಹತ್ತಿರ ಕೂತಾಗ ಮಕ್ಕಳು ಮನೆಯ ನೋವನ್ನೂ ಹೇಳುತ್ತವೆ. ಹೊಡೆತ, ಹಸಿವು, ಮೈಮುಟ್ಟುವ ತೊಂದರೆಯ ಸುಳಿವು ಸಿಕ್ಕರೆ ಅದೇ ದಿನ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸ್ವಂತ ಮಗುವಿನ ಪಕ್ಕ ನೀವು ಕೂರಬೇಡಿ. ಅದಕ್ಕೆ ಇನ್ನೊಬ್ಬರು ಇದ್ದಾರೆ.

ಹೆಜ್ಜೆ 7: ರಜೆಗೆ ಮುಂಚೆ

ಬೇಸಿಗೆ ರಜೆಯ ಎರಡು ತಿಂಗಳಲ್ಲಿ ಬಂದ ಓದೂ ಸಡಿಲವಾಗುತ್ತದೆ, ಅದೂ ಶ್ರೀನಿವಾಸಪುರದ ಕಡೆ ಮಾವಿನ ಕೆಲಸ ಶುರುವಾಗುವ ಹೊತ್ತು. ಮಾರ್ಚ್ ಕೊನೆಯ ವಾರ ಮಕ್ಕಳನ್ನೆಲ್ಲ ಕರೆದುಕೊಂಡು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಬಂದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹೆಸರು ಬರೆಸಿ, ಪ್ರತಿ ಮಗುವೂ ಅದೇ ದಿನ ಒಂದು ಪುಸ್ತಕ ಆರಿಸಿ ಮನೆಗೆ ತರಲಿ. ಗ್ರಂಥಾಲಯ ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಕೇಳಿಕೊಂಡು ಶಾಲೆಯ ಬೋರ್ಡಿನ ಮೇಲೂ ಡೇರಿಯ ಗೋಡೆಯ ಮೇಲೂ ಬರೆಯಿರಿ, ಹಾಲು ಹಾಕಲು ಬರುವ ಎಲ್ಲ ಮನೆಯವರ ಕಣ್ಣಿಗೂ ಬೀಳುತ್ತದೆ. ಶಾಲೆ ಮತ್ತೆ ತೆರೆದ ಮೊದಲ ಎಸ್‌ಡಿಎಂಸಿ ಸಭೆಯಲ್ಲಿ ಹೊಸ ವರ್ಷದ ನಾಲ್ವರ ಹೆಸರು ನಡಾವಳಿಗೆ ಸೇರಿಸಿ. ಅದರಲ್ಲಿ ಇಬ್ಬರಾದರೂ ಹೊಸಬರಿರಲಿ, ಹಳಬರು ಮೊದಲ ತಿಂಗಳು ಅವರ ಜೊತೆ ಕೂತು ತೋರಿಸಿಕೊಡಲಿ.