ಸೂಜಿಗಿಂತ ಮೊದಲು ಬೆರಳು

"ನನ್ನ ನರ ಸಿಗಲ್ಲ ಕಣಮ್ಮ, ಹೋದ ಸಲ ನಾಲ್ಕು ಕಡೆ ಚುಚ್ಚಿದ್ರು." ಗವಿಪುರದ ಆ ಮನೆಯಲ್ಲಿ 78 ವರ್ಷದ ಅಜ್ಜಿ ಹೀಗೆ ಹೇಳಿ ಎರಡೂ ಕೈಯನ್ನು ಶಾಲಿನೊಳಗೆ ಎಳೆದುಕೊಂಡರು. ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂಮುಕ್ಕಾಲು. ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಚಳಿಗೆ ರಕ್ತನಾಳ ಕುಗ್ಗುತ್ತದೆ, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅಂಥ ಕೈಗೆ ತಕ್ಷಣ ಸೂಜಿ ಹಿಡಿದರೆ ನಾಲ್ಕು ಕಡೆ ಚುಚ್ಚಬೇಕಾಗುತ್ತದೆ.

ನಾನು ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಡಿಎಂಎಲ್‌ಟಿ ಅನ್ನುವ ಲ್ಯಾಬ್ ಡಿಪ್ಲೊಮಾ ಮುಗಿಸಿ 11 ವರ್ಷವಾಯಿತು. ಬೆಳಿಗ್ಗೆ ಆರರಿಂದ ಒಂಬತ್ತೂವರೆ ತನಕ ಬಸವನಗುಡಿ, ಹನುಮಂತನಗರ, ತ್ಯಾಗರಾಜನಗರದ ಮನೆಗಳಿಗೆ ಹೋಗಿ ಬ್ಲಡ್ ತೆಗೆಯುತ್ತೇನೆ, ಆಮೇಲೆ ಲ್ಯಾಬ್‌ನಲ್ಲಿ ಕೆಲಸ. ಎರಡೂ ಕಡೆ ಕೈಯಾಡಿಸಿದ್ದರಿಂದ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ಮೆಷಿನ್ ಎಷ್ಟೇ ಒಳ್ಳೆಯದಿರಲಿ, ಅದು ಅಳೆಯುವುದು ನಾವು ಕೊಟ್ಟ ಸ್ಯಾಂಪಲ್ಲನ್ನು. ಕೊಡುವವರು ಹಿಂದಿನ ರಾತ್ರಿ ಏನು ತಿಂದರು, ತೆಗೆಯುವವರು ಆ ಎರಡು ನಿಮಿಷ ಏನು ಮಾಡಿದರು, ಎಲ್ಲವೂ ರಿಪೋರ್ಟಿನ ಅಂಕಿಯೊಳಗೆ ಸೇರಿಕೊಂಡಿರುತ್ತದೆ.

ಅಜ್ಜಿಗೆ ಒಂದು ಲೋಟ ನೀರು ಕುಡಿಯಲು ಹೇಳಿದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಮೊಣಕೈ ಮೇಲೆ ಐದು ನಿಮಿಷ ಸುತ್ತಿಟ್ಟೆ, ಕೈಯನ್ನು ಕೆಳಗೆ ಇಳಿಬಿಡಿಸಿದೆ. ಆಮೇಲೆ ಮೊಣಕೈ ಮಡಿಕೆಯಿಂದ ನಾಲ್ಕು ಬೆರಳು ಮೇಲೆ ಪಟ್ಟಿ ಕಟ್ಟಿ ತೋರುಬೆರಳಿನಿಂದ ಹುಡುಕಿದೆ.

ಕಣ್ಣಿಗೆ ಕಾಣುವ ನಾಳಕ್ಕಿಂತ ಬೆರಳಿಗೆ ಸಿಗುವ ನಾಳವನ್ನೇ ನಾನು ನಂಬುತ್ತೇನೆ. ಮೇಲೆ ನೀಲಿಯಾಗಿ ಕಾಣುವುದು ಎಷ್ಟೋ ಸಲ ತೀರಾ ಸಣ್ಣದಿರುತ್ತದೆ, ಚುಚ್ಚಿದರೆ ಒಡೆದುಹೋಗುತ್ತದೆ. ಒಳ್ಳೆಯ ನಾಳವನ್ನು ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಪುಟಿದು ಬರುತ್ತದೆ. ಹುರಿ ಹಗ್ಗದ ಹಾಗೆ ಗಟ್ಟಿಯಾಗಿದ್ದರೆ ಅದು ಸ್ನಾಯುವಿನ ಕಟ್ಟು. ಬೆರಳಿನ ಕೆಳಗೆ ಮಿಡಿಯುತ್ತಿದ್ದರೆ ಅದು ಅಪಧಮನಿ, ಅಲ್ಲಿಗೆ ಕೈ ಹಾಕಲೇಬಾರದು. ನಮ್ಮ ಜನ ರಕ್ತನಾಳಕ್ಕೂ ನರ ಅಂತಲೇ ಹೇಳುತ್ತಾರೆ. ಆದರೆ ನಿಜವಾದ ನರ ಮೊಣಕೈಯ ಒಳಬದಿಯಲ್ಲಿ, ಕಿರುಬೆರಳಿನ ಕಡೆಯ ನಾಳದ ಹತ್ತಿರ ಹಾದುಹೋಗುತ್ತದೆ. ಅದಕ್ಕೇ ಮೊದಲು ಮಧ್ಯದ ನಾಳ, ಅದು ಸಿಗದಿದ್ದರೆ ಹೆಬ್ಬೆರಳಿನ ಕಡೆಯದು, ಒಳಬದಿಯದು ಕೊನೆಗೆ. ಅಜ್ಜಿಗೆ ಎಡಗೈಯಲ್ಲಿ ಹೆಬ್ಬೆರಳಿನ ಕಡೆ ಒಂದು ಸಿಕ್ಕಿತು. ಬತ್ತಿಯಷ್ಟೇ ದಪ್ಪ, ಆದರೆ ಪುಟಿಯುತ್ತಿತ್ತು.

ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ಜಾಸ್ತಿಯಾದರೆ ರಕ್ತದ ನೀರಿನಂಶ ನಾಳದಿಂದ ಹೊರಗೆ ಹೋಗಿ, ಉಳಿದದ್ದು ಗಟ್ಟಿಯಾಗಿ ಪ್ರೋಟೀನ್, ಕೊಲೆಸ್ಟ್ರಾಲ್ ಏರಿದ ಹಾಗೆ ಕಾಣುತ್ತದೆ. ಹುಡುಕುವಾಗ ತಡವಾದರೆ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟುತ್ತೇನೆ. "ಮುಷ್ಟಿ ಬಿಗಿ ಹಿಡಿದು ಬಿಚ್ಚಿ, ಬಿಗಿ ಹಿಡಿದು ಬಿಚ್ಚಿ" ಅಂತ ಹೇಳಿಸುವುದು ಹಳೆಯ ಅಭ್ಯಾಸ. ಅದರಿಂದ ಪೊಟ್ಯಾಸಿಯಂ ಏರುತ್ತದೆ. ಸುಮ್ನೆ ಮೆತ್ತಗೆ ಮುಷ್ಟಿ ಮುಚ್ಚಿದರೆ ಸಾಕು. ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ಆರಲು ಬಿಡಬೇಕು. ಒದ್ದೆ ಇರುವಾಗ ಚುಚ್ಚಿದರೆ ಉರಿಯುತ್ತದೆ, ರಕ್ತಕಣಗಳೂ ಒಡೆಯಬಹುದು. ಆಮೇಲೆ ಊದಬೇಡಿ, ಮತ್ತೆ ಮುಟ್ಟಬೇಡಿ.

ಅಜ್ಜಿಯ ಚರ್ಮವನ್ನು ಎಡಗೈ ಹೆಬ್ಬೆರಳಿನಿಂದ ಕೆಳಕ್ಕೆ ಎಳೆದು ಹಿಡಿದೆ. ವಯಸ್ಸಾದವರ ನಾಳ ಜಾರುತ್ತದೆ, ಹೀಗೆ ಹಿಡಿದರೆ ನಿಲ್ಲುತ್ತದೆ. 23 ಗೇಜಿನ ಬಟರ್‌ಫ್ಲೈ ಸೂಜಿ, ಚೂಪಾದ ಓರೆ ಬಾಯಿ ಮೇಲಕ್ಕೆ, ಮಾಮೂಲಿಗಿಂತ ಸ್ವಲ್ಪ ಕಡಿಮೆ ಕೋನ. ನಳಿಗೆಯಲ್ಲಿ ಕೆಂಪು ಕಂಡಿತು. "ಚುಚ್ಚಿಯೇ ಬಿಟ್ಯಾ?" ಅಂದರು ಅಜ್ಜಿ.

ಇನ್ನು ಟ್ಯೂಬ್‌ಗಳು. ಬಣ್ಣಬಣ್ಣದ ಮುಚ್ಚಳ ಚಂದಕ್ಕೆ ಇರುವುದಲ್ಲ, ಒಂದೊಂದರೊಳಗೂ ಬೇರೆ ಬೇರೆ ರಾಸಾಯನಿಕ ಇರುತ್ತದೆ. ನೀಲಿ ಮೊದಲು, ಆಮೇಲೆ ಕೆಂಪು ಇಲ್ಲವೇ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು. ಈ ಸಾಲು ತಪ್ಪಿದರೆ ಏನಾಗುತ್ತದೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಕಲಿತದ್ದು ಮಾತ್ರ ನನ್ನ ತಪ್ಪಿನಿಂದಲೇ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ರಿಟೈರ್ ಆದ ಒಬ್ಬ ಮೇಷ್ಟ್ರ ಮನೆ. ಹಳದಿ ಟ್ಯೂಬಿಗೆ ರಕ್ತ ಸ್ವಲ್ಪ ಕಡಿಮೆ ಬಂತು. ಮತ್ತೆ ಚುಚ್ಚಲು ಮನಸ್ಸು ಬರದೆ, ನೇರಳೆ ಟ್ಯೂಬಿನಿಂದ ಒಂದಿಷ್ಟು ಅದಕ್ಕೆ ಸುರಿದೆ. ಮಧ್ಯಾಹ್ನ ಅವರ ಪೊಟ್ಯಾಸಿಯಂ 7.8 ಬಂತು. ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ಏಳು ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಲ್ಯಾಬ್‌ನಿಂದ ಫೋನ್ ಹೋಯಿತು, ಮಗ ಆಫೀಸ್ ಬಿಟ್ಟು ಓಡಿಬಂದರು, ಆಂಬುಲೆನ್ಸಿಗೆ ಹೇಳಿದರು. ಅಷ್ಟರಲ್ಲಿ ನಮ್ಮ ಸೀನಿಯರ್ ಮೇಡಂ ನನ್ನನ್ನು ಕರೆದು, "ಕ್ಯಾಲ್ಸಿಯಂ ಎಷ್ಟಿದೆ ನೋಡು" ಅಂದರು. 5.8 ಇತ್ತು. ಎಂಟೂವರೆಗಿಂತ ಕೆಳಗೆ ಇರಬಾರದು. "ನೇರಳೆಯಿಂದ ಸುರಿದ್ಯಾ?" ಅಂತ ಕೇಳಿದರು. ನನಗೆ ಮಾತು ಹೊರಡಲಿಲ್ಲ.

ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎ, ಅದೂ ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದಲೇ ನೇರಳೆಯಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಅದರ ಒಂದಿಷ್ಟು ಬೇರೆ ಟ್ಯೂಬಿಗೆ ಬಿದ್ದರೂ ಪೊಟ್ಯಾಸಿಯಂ ಏರಿದಂತೆ, ಕ್ಯಾಲ್ಸಿಯಂ ಇಳಿದಂತೆ ಕಾಣುತ್ತದೆ. ಆ ದಿನವೇ ಹೋಗಿ ಮತ್ತೆ ತೆಗೆದೆ: ಪೊಟ್ಯಾಸಿಯಂ 4.4, ಕ್ಯಾಲ್ಸಿಯಂ 9.3. ಮೇಷ್ಟ್ರ ಎದುರು ನಿಂತು ತಪ್ಪು ನನ್ನದು ಅಂತ ಹೇಳಿದೆ. ಅವರು ಬೈಯಲಿಲ್ಲ, "ಈಗ ಸರಿಯಿದೆಯಲ್ಲ?" ಅಂತ ಎರಡು ಸಲ ಕೇಳಿದರು. ಆ ಮನೆಯವರು ಹೆದರಿಕೆಯಲ್ಲಿ ಕಳೆದ ನಾಲ್ಕು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ಇನ್ನೊಂದು ಸಲ ಚುಚ್ಚಬೇಕಾದರೆ ಕೇಳಿ ಚುಚ್ಚುತ್ತೇನೆ, ಸುರಿಯುವುದಿಲ್ಲ.

ಬೂದು ಮುಚ್ಚಳದ ಟ್ಯೂಬ್ ಶುಗರ್‌ಗೆ. ತೆಗೆದ ರಕ್ತ ಹಾಗೇ ಇದ್ದರೆ ಅದರಲ್ಲಿನ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇಕಡ 5ರಿಂದ 7ರಷ್ಟು. ಮಿನರ್ವ ಸರ್ಕಲ್ಲಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಬಿದ್ದರೆ ಅಲ್ಲೇ ಶುಗರ್ ಇಳಿದುಹೋಗುತ್ತದೆ. ಬೂದು ಟ್ಯೂಬಿನ ಫ್ಲೋರೈಡ್ ಅದನ್ನು ತಡೆಯುತ್ತದೆ. ಆದರೆ ಅದು ಪೂರ್ತಿ ಕೆಲಸ ಮಾಡಲು ಒಂದೆರಡು ಗಂಟೆ ಬೇಕು, ಹಾಗಾಗಿ ಐಸ್ ಬಾಕ್ಸ್ ಇಲ್ಲದೆ ನಾನು ಹೊರಡುವುದಿಲ್ಲ.

ನಮ್ಮ ಊರಿನಲ್ಲಿ ಖಾಲಿಹೊಟ್ಟೆಗೆ ಅಡ್ಡ ಬರುವುದು ಕಾಫಿ. "ಏನೂ ತಿಂದಿಲ್ಲಮ್ಮ, ಅರ್ಧ ಲೋಟ ಕಾಫಿ ಅಷ್ಟೇ." ಹಾಲು, ಸಕ್ಕರೆ ಹೊಟ್ಟೆಗೆ ಹೋದ ಮೇಲೆ ಅದು ಖಾಲಿಹೊಟ್ಟೆ ಅಲ್ಲ, ಅಲ್ವಾ? ರಕ್ತ ಕೊಡುವ ಮೊದಲಿನ ಎಂಟರಿಂದ ಹನ್ನೆರಡು ಗಂಟೆ ಕಾಲ ನೀರು ಬಿಟ್ಟು ಬೇರೇನೂ ಬೇಡ. ನೀರು ಮಾತ್ರ ಚೆನ್ನಾಗಿ ಕುಡಿಯಿರಿ. ಊಟದ ನಂತರದ ಶುಗರ್‌ಗೆ ಎರಡು ಗಂಟೆ ಲೆಕ್ಕ ಹಿಡಿಯಬೇಕಾದ್ದು ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದ ಅಲ್ಲ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುವವರು ಥೈರಾಯ್ಡ್ ಟೆಸ್ಟಿಗೆ ಮೊದಲೇ ಹೇಳಿಬಿಡಿ, ಅದು ರಿಪೋರ್ಟ್ ಕೆಡಿಸಬಹುದು.

ಮಳೆಗಾಲದಲ್ಲಿ ಡೆಂಗಿ ಶುರುವಾದರೆ ಎಲ್ಲರದ್ದೂ ಒಂದೇ ಪ್ರಶ್ನೆ, ಪ್ಲೇಟ್‌ಲೆಟ್ ಎಷ್ಟು? ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಸಾಮಾನ್ಯ. ಕೆಲವರ ಪ್ಲೇಟ್‌ಲೆಟ್ ನೇರಳೆ ಟ್ಯೂಬಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೆಷಿನ್ ಆ ಗುಂಪನ್ನು ಬಿಡಿಬಿಡಿಯಾಗಿ ಎಣಿಸಲಾರದು, ನಲವತ್ತು ಸಾವಿರ ಅಂತ ತೋರಿಸಿಬಿಡುತ್ತದೆ. ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಗುಂಪು ಕಾಣುತ್ತದೆ. ಆಗ ನೀಲಿ ಟ್ಯೂಬಿನಲ್ಲಿ ತೆಗೆದು ಮತ್ತೆ ಎಣಿಸುತ್ತೇವೆ. ಹಾಗಂತ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ. ಅದು ಬೇಗ ಇಳಿಯುತ್ತಿರುವಾಗ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದ್ದರೆ ರಕ್ತದ ನೀರಿನಂಶ ಸೋರುತ್ತಿದೆ ಎಂದು ಅರ್ಥ. ಜೊತೆಗೆ ಹೊಟ್ಟೆನೋವು, ಬಿಡದ ವಾಂತಿ ಇದ್ದರೆ ಜ್ವರ ಬಿಟ್ಟಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಅಜ್ಜಿಯ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಎಂಸಿವಿ 70, ಅಂದರೆ ಕೆಂಪು ಕಣಗಳು ಸಣ್ಣಗಾಗಿವೆ. ಹೆಚ್ಚಾಗಿ ಕಬ್ಬಿಣದ ಕೊರತೆಯಲ್ಲಿ ಹೀಗಾಗುತ್ತದೆ, ಖಚಿತವಾಗಲು ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ನೋಡಬೇಕು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಟೆಸ್ಟ್) 6.6, ಅಂದರೆ ಸಕ್ಕರೆ ಕಾಯಿಲೆಯ ಗೆರೆ 6.5 ದಾಟಿದೆ. ಖಾಲಿಹೊಟ್ಟೆ ಶುಗರ್ ನೋಡಿದರೆ 104. ಒಂದಕ್ಕೊಂದು ಹೊಂದುವುದಿಲ್ಲ. ಕಬ್ಬಿಣದ ಕೊರತೆ ಇದ್ದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ಬರಬಹುದು. ಸೊಸೆ ಫೋನ್ ಮಾಡಿ, "ಐರನ್ ಮಾತ್ರೆ ಮೆಡಿಕಲ್ಸಿನಿಂದ ತಂದುಬಿಡ್ಲಾ?" ಅಂತ ಕೇಳಿದರು. ಬೇಡ, ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ಈ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾದರೆ ಹೊಟ್ಟೆಯಲ್ಲೋ ಕರುಳಲ್ಲೋ ಎಲ್ಲಾದರೂ ರಕ್ತ ಹೋಗುತ್ತಿದೆಯಾ ಅಂತ ಅವರೇ ಹುಡುಕಬೇಕು.

ಹೊಟ್ಟೆಯಲ್ಲಿ ಹುಣ್ಣಿತ್ತು. ಅಜ್ಜಿ ತಗೊಳ್ಳುತ್ತಿದ್ದ ನೋವಿನ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿ, ಹುಣ್ಣಿಗೂ ಕಬ್ಬಿಣಕ್ಕೂ ಔಷಧಿ ಕೊಟ್ಟರು. ಮೂರೂವರೆ ತಿಂಗಳ ಮೇಲೆ ಮತ್ತೆ ಹೋದೆ. ಬಾಗಿಲು ತೆಗೆದ ಅಜ್ಜಿ ಆಗಲೇ ಒಂದು ಲೋಟ ನೀರು ಕುಡಿದಿದ್ದರು. ಕುರ್ಚಿಯಲ್ಲಿ ಕೂತು ಎಡಗೈ ಚಾಚಿ, ಹೆಬ್ಬೆರಳಿನ ಕಡೆ ಬೊಟ್ಟು ಮಾಡಿ, "ಇಲ್ಲಿ ಕಣಮ್ಮ" ಅಂದರು.