ಒಂದು ವಾರ, ಎರಡು ನೀರು: ಅಲಾಸ್ಕಕ್ಕೆ ಗಾಳ ಕಟ್ಟಿಕೊಂಡು ಹೊರಡುವ ಮುನ್ನ

ಅಲಾಸ್ಕಕ್ಕೆ ಮೀನು ಹಿಡಿಯಲು ಹೋಗುವವರಲ್ಲಿ ಬಹಳ ಮಂದಿ ರಜೆ ಸಿಕ್ಕ ವಾರಕ್ಕೆ ಮೊದಲು ಟಿಕೆಟ್ ಮಾಡಿಸುತ್ತಾರೆ. ಆ ವಾರ ಯಾವ ಮೀನು ಬರುತ್ತದೆ ಎಂದು ಕೇಳುವುದು ಆಮೇಲೆ. ಮೊಟ್ಟೆಯಿಡಲು ಕಡಲಿನಿಂದ ನದಿಗೆ ಏರುವ ಸಾಲ್ಮನ್ ಮೀನು ಯಾರ ರಜೆಗೂ ಕಾಯುವುದಿಲ್ಲ. ಕೆನಾಯ್ ಪರ್ಯಾಯ ದ್ವೀಪದಲ್ಲಿ ಸಾಲ್ಮನ್ ಏರುವ ನದಿಗೂ ಹ್ಯಾಲಿಬಟ್ ಎಂಬ ಚಪ್ಪಟೆ ಮೀನು ಸಿಗುವ ಕಡಲಿಗೂ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ ಅಷ್ಟೆ, ಆದರೆ ಎರಡರ ಗಡಿಯಾರ ಬೇರೆ. ನದಿಯದು ಮೀನಿನ ಹಂಗಾಮು, ಕಡಲಿನದು ಚಂದ್ರ. ಇವೆರಡೂ ಹೊಂದುವ ವಾರವನ್ನು ಹುಡುಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ವಾರ ಗೊತ್ತುಮಾಡುವುದು

ಕೆನಾಯ್ ನದಿಗೆ ಸಾಕೈ ಸಾಲ್ಮನ್ ದಂಡು ಏರುವುದು ಜುಲೈ ನಡುವಿನಿಂದ ತಿಂಗಳ ಕೊನೆಯವರೆಗೆ. ಅದರ ಉಪನದಿಯಾದ ರಷ್ಯನ್ ರಿವರ್‌ಗೆ ಮೊದಲ ದಂಡು ಜೂನ್‌ನಲ್ಲೇ ಬರುತ್ತದೆ. ಅಲ್ಲಿ ಸಾಮಾನ್ಯವಾಗಿ ಜೂನ್ 11ಕ್ಕೆ ಹಂಗಾಮು ತೆರೆಯುತ್ತದೆ. ಕೋಹೊ ಎಂಬ ಇನ್ನೊಂದು ಜಾತಿಯ ಸಾಲ್ಮನ್ ಬೇಕಿದ್ದವರು ಆಗಸ್ಟ್-ಸೆಪ್ಟೆಂಬರ್ ನೋಡಬೇಕು. ಕಿಂಗ್ ಸಾಲ್ಮನ್ ಆಸೆಯನ್ನು ಮಾತ್ರ ಮನೆಯಲ್ಲೇ ಬಿಟ್ಟುಹೋಗಿ. ಸಂಖ್ಯೆ ಕುಸಿದಿರುವುದರಿಂದ ಇತ್ತೀಚಿನ ವರ್ಷಗಳಲ್ಲಿ ಕೆನಾಯ್‌ನಲ್ಲಿ ಅದರ ಬೇಟೆಯನ್ನೇ ಮುಚ್ಚಿದ್ದಾರೆ, ಲಾಡ್ಜ್‌ಗಳ ಗೋಡೆಯ ಮೇಲಿರುವುದೆಲ್ಲ ಹಳೆಯ ಫೋಟೋ.

ಇನ್ನು ಕಡಲು. ಹ್ಯಾಲಿಬಟ್ ದೋಣಿಗಳು ಹೊರಡುವ ಹೋಮರ್ ಊರಿರುವ ಕುಕ್ ಇನ್ಲೆಟ್ ಎಂಬ ಕಡಲ ಚಾಚಿನಲ್ಲಿ ಉಬ್ಬರ-ಇಳಿತಗಳ ಅಂತರ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ 6 ಮೀಟರ್ ದಾಟುತ್ತದೆ. ಅಷ್ಟು ನೀರು ಆರು ಗಂಟೆಯಲ್ಲಿ ಒಳಬಂದು ಮತ್ತೆ ಆರು ಗಂಟೆಯಲ್ಲಿ ಹೊರಹೋಗಬೇಕು. ಆ ಸೆಳೆತಕ್ಕೆ ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವ ಒಂದೂವರೆ ಕಿಲೋ ಸೀಸವೂ ತಳದಲ್ಲಿ ನಿಲ್ಲುವುದಿಲ್ಲ, ದೋಣಿಯ ಹಿಂದೆ ಗಾಳಿಪಟದಂತೆ ತೇಲುತ್ತದೆ. ಹ್ಯಾಲಿಬಟ್ ಇರುವುದು ತಳದಲ್ಲಿ. ಹಾಗಾಗಿ ಪಂಚಾಂಗ ತೆಗೆದು ಅಷ್ಟಮಿಯಿಂದ ದಶಮಿಯೊಳಗಿನ ದಿನ ಆರಿಸಿಕೊಳ್ಳಿ. ಶುಕ್ಲಪಕ್ಷವೋ ಕೃಷ್ಣಪಕ್ಷವೋ ಎಂಬುದು ಲೆಕ್ಕಕ್ಕಿಲ್ಲ. ಆಗ ಅಂತರ ಕಡಿಮೆ, ನೀರು ತಟಸ್ಥವಾಗಿ ನಿಲ್ಲುವ ಹೊತ್ತು ಹೆಚ್ಚು.

ಜುಲೈ ಕೊನೆಯ ಎರಡು ವಾರಗಳಲ್ಲಿ ಅಂಥ ಅಷ್ಟಮಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಟಿಕೆಟ್ ಮಾಡಿಸಿ.

ದಿನಗಳ ಜೋಡಣೆ

ಆಂಕರೇಜ್‌ನಲ್ಲಿ ಇಳಿದು ಕಾರು ಹಿಡಿದರೆ ಕೆನಾಯ್ ನದಿಯ ದಡದ ಊರಾದ ಸೊಲ್ಡಾಟ್ನಾಕ್ಕೆ ಸುಮಾರು 240 ಕಿ.ಮೀ., ಹೋಮರ್‌ಗೆ 360 ಕಿ.ಮೀ. ಮೊದಲು ಹೋಮರ್‌ಗೇ ಹೋಗಿ. ಕಡಲು ಕೆಟ್ಟರೆ ಕ್ಯಾಪ್ಟನ್ ದೋಣಿ ಬಿಡುವುದಿಲ್ಲ. ದೋಣಿಯನ್ನು ವಾರದ ಕೊನೆಗೆ ಇಟ್ಟುಕೊಂಡವರಿಗೆ ಎರಡನೇ ಅವಕಾಶ ಇರುವುದಿಲ್ಲ. ಎರಡನೇ ದಿನಕ್ಕೆ ದೋಣಿ, ಮೂರನೆಯದು ಮೀಸಲು. ಕಡಲು ಒಲಿದರೆ ಆ ಮೀಸಲು ದಿನ ನದಿಗೆ ಲಾಭ. ಬಾಡಿಗೆ ದೋಣಿಗಳಿಗೆ ವಾರದಲ್ಲಿ ಹ್ಯಾಲಿಬಟ್ ಹಿಡಿಯಬಾರದ ದಿನಗಳಿರುತ್ತವೆ, ಕೆಲವು ವರ್ಷಗಳಿಂದ ಬುಧವಾರ ಅಂಥ ದಿನ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಕೊನೆಯ ಎರಡು ರಾತ್ರಿಗಳನ್ನು ಮೀನು ಹೆಪ್ಪುಗಟ್ಟಲು ಬಿಡಬೇಕು. ಸಂಸ್ಕರಣೆ ಮಾಡಿಕೊಡುವವರಿಗೆ ಕತ್ತರಿಸಿ, ವ್ಯಾಕ್ಯೂಮ್ ಪ್ಯಾಕ್ ಮಾಡಿ, ಕಲ್ಲಾಗಿಸಲು 24ರಿಂದ 48 ಗಂಟೆ ಬೇಕು. ಹೊರಡುವ ಹಿಂದಿನ ಸಂಜೆ ಹಿಡಿದದ್ದನ್ನು ಅಲ್ಲೇ ಬೇಯಿಸಿ ತಿನ್ನುವುದು ಲೇಸು.

ಪರವಾನಗಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಒಂದೇ ಪರವಾನಗಿ ಕಡಲಿಗೂ ನದಿಗೂ ನಡೆಯುತ್ತದೆ. ಹೊರಗಿನವರಿಗೆ 7 ದಿನಕ್ಕೆ 45 ಡಾಲರ್, 14 ದಿನಕ್ಕೆ 75 ಡಾಲರ್ ದರ ಬಂದಿದೆ. 16 ವರ್ಷದೊಳಗಿನವರಿಗೆ ಬೇಡ. ಗಮನವಿಡಬೇಕಾದದ್ದು ಮೀನುಗಾರಿಕೆ ಇಲಾಖೆಯ ತುರ್ತು ಆದೇಶಗಳ ಮೇಲೆ. ಕೆನಾಯ್‌ನಲ್ಲಿ ಸಾಕೈ ಮಿತಿ ದಿನಕ್ಕೆ 3. ಮೀನು ಹೆಚ್ಚಾದರೆ ಹಂಗಾಮಿನ ನಡುವೆಯೇ ಅದನ್ನು 6ಕ್ಕೆ ಏರಿಸಿಬಿಡುತ್ತಾರೆ, ಕಡಿಮೆಯಾದರೆ ಮುಚ್ಚುತ್ತಾರೆ. ದಿನಾ ಬೆಳಗ್ಗೆ ಒಮ್ಮೆ ನೋಡಿ.

ಕಡಲಿನಲ್ಲಿ

ಹ್ಯಾಲಿಬಟ್ ಎಂದರೆ ನಂಗು ಮೀನಿನಂತೆ ಚಪ್ಪಟೆ, ಎರಡು ಕಣ್ಣೂ ಒಂದೇ ಮಗ್ಗುಲಿಗೆ. ಗಾತ್ರ ಮಾತ್ರ ಬಾಗಿಲಿನಷ್ಟೂ ಆಗಬಹುದು. ರಾಡು, ರೀಲು ದೋಣಿಯವರೇ ಕೊಡುತ್ತಾರೆ: ಮೋಟು ರಾಡು, 80 ಪೌಂಡ್ ತಾಳುವ ಹೆಣೆದ ದಾರ, 16/0 ಅಳತೆಯ ಸರ್ಕಲ್ ಕೊಕ್ಕೆ, ಅದಕ್ಕೆ ಹೆರಿಂಗ್ ಮೀನಿನ ಎರೆ. ಪಕ್ಕದವರ ಸೀಸಕ್ಕಿಂತ ಹಗುರವಾದದ್ದನ್ನು ಕಟ್ಟಬೇಡಿ. ಹಗುರ ಸೀಸ ಸೆಳೆತಕ್ಕೆ ಸರಿದು ಎಲ್ಲರ ದಾರಕ್ಕೂ ಸುತ್ತಿಕೊಳ್ಳುತ್ತದೆ, ತಟಸ್ಥ ನೀರಿನ ಅಮೂಲ್ಯ ಹೊತ್ತು ಗಂಟು ಬಿಡಿಸುವುದರಲ್ಲೇ ಹೋಗುತ್ತದೆ.

ಹೊಸಬರು ಮೀನು ಕಳೆದುಕೊಳ್ಳುವುದು ಎರಡು ಕಡೆ. ಒಂದು, ಕಚ್ಚಿದ ಕೂಡಲೇ ರಾಡನ್ನು ಜಗ್ಗುವುದು. ಸರ್ಕಲ್ ಕೊಕ್ಕೆಯ ಮೊನೆ ಒಳಕ್ಕೆ ಬಾಗಿರುತ್ತದೆ. ಜಗ್ಗಿದರೆ ಏನನ್ನೂ ಹಿಡಿಯದೆ ಬಾಯಿಂದ ಜಾರಿ ಹೊರಬರುತ್ತದೆ. ನಿಧಾನವಾಗಿ ಭಾರ ಬೀಳಲು ಬಿಟ್ಟರೆ ದವಡೆಯ ಮೂಲೆಗೆ ಸರಿದು ತಾನೇ ತಿರುಗಿ ಚುಚ್ಚಿಕೊಳ್ಳುತ್ತದೆ. ಕಡಿತ ಗೊತ್ತಾದರೂ ಕೈ ಕಟ್ಟಿಕೊಂಡಿರಿ, ರಾಡು ಬಾಗಿ ಹಾಗೇ ನಿಂತ ಮೇಲೆ ರೀಲು ಸುತ್ತಿ. ಎರಡು, ಮೇಲೆ ಬಂದ ಮೀನಿನ ತಲೆಯನ್ನು ನೀರಿನಿಂದ ಹೊರಗೆತ್ತುವುದು. ಅಲ್ಲಿಯವರೆಗೆ ಒದ್ದೆ ಹಲಗೆಯಂತೆ ಸುಮ್ಮನೆ ಬಂದ ಮೀನು ಗಾಳಿ ತಾಕಿದ್ದೇ ತಡ ತಲೆ ಒದರಿ ಕೊಕ್ಕೆ ಕಿತ್ತುಕೊಳ್ಳುತ್ತದೆ. ದೋಣಿಯ ಆಳು ಹೇಳುವವರೆಗೆ ತಲೆ ನೀರೊಳಗೇ ಇರಲಿ.

ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತಿದ ಮೇಲೆ ನುಂಗಿದರೆ ಉಪಯೋಗವಿಲ್ಲ. ವೈದ್ಯರನ್ನು ಕೇಳಿ ಹಿಂದಿನ ರಾತ್ರಿಯೇ ಶುರುಮಾಡಿ.

ನದಿಯಲ್ಲಿ

ಕೆನಾಯ್ ನದಿಯ ಮುಖದಿಂದ 19 ಮೈಲಿ ಮೇಲೆ ಇಲಾಖೆ ಸೋನಾರ್ (ನೀರೊಳಗೆ ಸದ್ದಿನ ಅಲೆ ಹಾಯಿಸಿ ಮೀನು ಗುರುತಿಸುವ ಯಂತ್ರ) ಇಟ್ಟು ಸಾಕೈ ಎಣಿಸುತ್ತದೆ, ಲೆಕ್ಕವನ್ನು ದಿನವೂ ಪ್ರಕಟಿಸುತ್ತದೆ. ಎಣಿಕೆ ದಿನಕ್ಕೆ ಹತ್ತಾರು ಸಾವಿರಕ್ಕೆ ನೆಗೆದರೆ ಸೊಲ್ಡಾಟ್ನಾ ಬಳಿ ಆಗಲೇ ಮೀನು ಹರಿಯುತ್ತಿದೆ ಎಂದರ್ಥ. ಮೇಲಿನ ರಷ್ಯನ್ ರಿವರ್ ಸಂಗಮ ತಲುಪಲು ಅವಕ್ಕೆ ಇನ್ನೂ ಹಲವು ದಿನ ಬೇಕು.

ಸಾಕೈ ಕಡಲಿನಲ್ಲಿ ಪ್ಲಾಂಕ್ಟನ್ ಎಂಬ ತೇಲುವ ಸಣ್ಣ ಜೀವಿಗಳನ್ನು ತಿಂದು ಬೆಳೆದ ಮೀನು. ನದಿಗೆ ಬಂದ ಮೇಲೆ ಅದನ್ನೂ ಬಿಡುತ್ತದೆ. ಎರೆ ತೋರಿಸಿ ಮರುಳು ಮಾಡುವುದು ಬಹುತೇಕ ಆಗದ ಮಾತು. ಬಾಯಿ ತೆರೆದು ಮುಚ್ಚುತ್ತ ಈಜುವ ಮೀನಿನ ಬಾಯೊಳಗೆ ದಾರ ಹಾಯಿಸಿ ಕೊಕ್ಕೆ ಎಳೆದುಕೊಳ್ಳುವುದೇ ಇಲ್ಲಿನ ವಿದ್ಯೆ. ಕೊಕ್ಕೆಗೂ ಸೀಸಕ್ಕೂ ನಡುವೆ ಒಂದರಿಂದ ಒಂದೂವರೆ ಮೀಟರ್ ದಾರ ಬಿಡಿ. ನೀರಿನ ಮೇಲ್ಗಡೆಗೆ, ಗಡಿಯಾರದ ಹತ್ತು ಗಂಟೆಯ ದಿಕ್ಕಿಗೆ ಎಸೆದು ಎರಡು ಗಂಟೆಯ ದಿಕ್ಕಿನವರೆಗೆ ಹರಿಯಲು ಬಿಟ್ಟು ಮತ್ತೆ ಎಸೆಯಿರಿ. ಸೀಸ ತಳದ ಕಲ್ಲುಗಳನ್ನು ಟಕ್ ಟಕ್ ಎಂದು ತಟ್ಟುತ್ತಾ ಹೋಗುವುದು ಕೈಗೆ ತಿಳಿಯಬೇಕು. ಸಿಕ್ಕಿಬಿದ್ದರೆ ಸೀಸ ಹೆಚ್ಚಾಯಿತು, ಸದ್ದೇ ಇಲ್ಲದಿದ್ದರೆ ಕಡಿಮೆಯಾಯಿತು. ದಿನದ ಮೀನು ತೀರ್ಮಾನವಾಗುವುದು ಈ ಅರ್ಧ ಔನ್ಸ್ ಹೆಚ್ಚು ಕಡಿಮೆಯಲ್ಲೇ.

ಸೊಂಟದವರೆಗೆ ನೀರಿಗಿಳಿಯುವವರನ್ನು ನೋಡಿ ನೀವೂ ಇಳಿಯಬೇಡಿ. ಸೆಳೆತ ಕಡಿಮೆ ಇರುವ ದಡದ ಪಕ್ಕದಲ್ಲೇ, ಮೊಣಕಾಲುದ್ದದ ನೀರಿನಲ್ಲೇ ಸಾಕೈ ಹಾಯುತ್ತವೆ. ಒಳಗೆ ಹೋದವರ ಬೆನ್ನ ಹಿಂದೆ ಮೀನು. ಕೊಕ್ಕೆ ಬಾಯಿಗಲ್ಲದೆ ರೆಕ್ಕೆಗೋ ಬೆನ್ನಿಗೋ ಸಿಕ್ಕಿದ್ದರೆ ಅಲ್ಲೇ ಬಿಡುವುದು ಕಾನೂನು.

ಕನ್ನಡಕವಿಲ್ಲದೆ ದಡಕ್ಕೆ ಕಾಲಿಡಬೇಡಿ. ದಾರ ಬಿಗಿದಿರುವಾಗ ಮೀನಿನಿಂದ ಕೊಕ್ಕೆ ಕಳಚಿದರೆ ಸೀಸದ ಗುಂಡು ಕವಣೆಯ ಕಲ್ಲಿನಂತೆ ನೇರ ಮುಖಕ್ಕೆ ಬರುತ್ತದೆ. ನಿಮ್ಮದು ತಪ್ಪಿದರೂ ಭುಜಕ್ಕೆ ಭುಜ ತಾಗಿ ನಿಂತ ಪಕ್ಕದವರದು ಬರಬಹುದು. ಮೀನು ಸಿಕ್ಕಿದ ಕೂಡಲೇ ‘ಫಿಷ್ ಆನ್’ ಎಂದು ಕೂಗಿ, ಅಕ್ಕಪಕ್ಕದವರು ತಮ್ಮ ದಾರ ಎಳೆದುಕೊಳ್ಳುತ್ತಾರೆ.

ಹಿಡಿದದ್ದನ್ನು ತಲೆಗೆ ಒಂದೇಟು ಹಾಕಿ, ಕಿವಿರು ಕತ್ತರಿಸಿ ರಕ್ತ ಬಸಿದು, ಮಂಜುಗಡ್ಡೆಗೆ ಹಾಕಿ. ರಕ್ತ ಉಳಿದರೆ ಮಾಂಸ ಬೇಗ ಕೆಡುತ್ತದೆ. ಸೀಳಿದ ಮೇಲೆ ಉಳಿಯುವ ಅಸ್ಥಿಪಂಜರವನ್ನು ದಡದಲ್ಲಿ ಬಿಡದೆ ಸಣ್ಣ ತುಂಡು ಮಾಡಿ ರಭಸದ ನೀರಿಗೆ ಎಸೆಯಬೇಕು, ಇಲ್ಲವಾದರೆ ಕಂದು ಕರಡಿ ಅದನ್ನು ಹುಡುಕಿಕೊಂಡು ಬರುತ್ತದೆ. ಚೀಲ, ಊಟ, ಮೀನು ಎಲ್ಲವೂ ಕೈಗೆಟಕುವಷ್ಟು ಹತ್ತಿರ ಇರಲಿ. ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಸ್ಪ್ರೇಯನ್ನು ಆಂಕರೇಜ್‌ನಲ್ಲೇ ಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಒಯ್ಯುವಂತಿಲ್ಲ.

ಮೀನಿನ ಪೆಟ್ಟಿಗೆಯನ್ನು ಪೆಟ್ಟಿಗೆಯ ತೂಕವೂ ಸೇರಿ 23 ಕಿಲೋ ಒಳಗೆ ಕಟ್ಟಿಸಿ. ಡ್ರೈ ಐಸ್ ಹಾಕುವುದಾದರೆ ತಲೆಗೆ 2.5 ಕಿಲೋ ಮಿತಿ, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಬೇಕು. ಚೆನ್ನಾಗಿ ಕಲ್ಲಾದ ಮೀನು ತುಂಬಿದ ಪೆಟ್ಟಿಗೆಗೆ ಅದಿಲ್ಲದೆಯೂ ಒಂದು ದಿನದ ದಾರಿ ನಡೆಯುತ್ತದೆ. ಬೇರೆ ದೇಶಕ್ಕೆ ಒಯ್ಯುವವರು ಅಲ್ಲಿನ ಕಸ್ಟಮ್ಸ್ ನಿಯಮವನ್ನು ಹೊರಡುವ ಮೊದಲೇ ಓದಿಕೊಂಡಿರಬೇಕು.