47–48ನೇ ಹಾಳೆ: ಕಾಲೇಜು ಸಂಚಿಕೆಯ ಇತಿಹಾಸ ಹುಡುಕಿದ ನನ್ನ ಅನುಭವ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಎರಡು ಸಲ ಕೆಲಸ ಮಾಡಿದ್ದೇನೆ. ಮೊದಲ ಸಲ 1998ರಲ್ಲಿ, ಬಿ.ಎ. ಕೊನೇ ವರ್ಷದ ವಿದ್ಯಾರ್ಥಿ ಸಂಪಾದಕಿಯಾಗಿ. ಎರಡನೇ ಸಲ 2014ರಲ್ಲಿ, ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾ. ಆಗ ಸಂಚಿಕೆಗೆ ಐವತ್ತು ವರ್ಷ ತುಂಬುತ್ತಿತ್ತು. ಅದರ ಇತಿಹಾಸ ಬರೆಯಬೇಕು ಅಂತ ಕಮಿಟಿ ನನಗೆ ಹೇಳಿತು. ಬಾಗಲಕೋಟೆಯಲ್ಲಿ ಇಂಥ ಕೆಲಸ ಮಾಡೋದು ಅಂದ್ರೆ ಏನು ಅಂತ ಬೇರೆ ಕಾಲೇಜಿನವರಿಗೂ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗ್ರಂಥಾಲಯಕ್ಕೆ ಹೋದೆ. ಐವತ್ತು ಸಂಚಿಕೆ ಇರಬೇಕಿತ್ತು, ಇದ್ದದ್ದು 21. ಹಳೇ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆ ಅಂತಾಗಿ ಅಲ್ಲಿಂದ ಹೊಸ ಊರಾದ ನವನಗರಕ್ಕೆ ಬರುವಾಗ ಪುಸ್ತಕಗಳನ್ನು ಟ್ರ್ಯಾಕ್ಟರಿನಲ್ಲಿ ತಂದಿದ್ದರಂತೆ, ಒಂದು ಟ್ರಿಪ್ಪಿಗೆ ಮಳೆ ಹಿಡಿದಿತ್ತಂತೆ. ಆ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ನಮ್ಮ ಸಂಚಿಕೆ ಶುರುವಾಗಿದ್ದು ಅದರ ಮರುವರ್ಷ. ಹಾಗಾಗಿ ಈ ಸಂಚಿಕೆಯ ವಯಸ್ಸೂ ಮುಳುಗಡೆಯ ವಯಸ್ಸೂ ಹೆಚ್ಚುಕಡಿಮೆ ಒಂದೇ.

ಉಳಿದ 29 ಎಲ್ಲಿ? ಇಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಕಾಲೇಜಿನ ಲೆಕ್ಕದ ಪುಸ್ತಕಗಳು. ಪ್ರತಿ ವಿದ್ಯಾರ್ಥಿಯ ಹತ್ತಿರ ಮ್ಯಾಗಝಿನ್ ಫೀ ಅಂತ ತಗೊಳ್ತಾರೆ ಅಲ್ವಾ, ಆ ಜಮೆ ಪ್ರತಿ ವರ್ಷ ಇರುತ್ತದೆ. ಖರ್ಚಿನ ಕಡೆ ಪ್ರೆಸ್ಸಿನ ಬಿಲ್ಲು ಇದ್ದರೆ ಆ ವರ್ಷ ಸಂಚಿಕೆ ಬಂದಿದೆ ಅಂತ ಅರ್ಥ. ಒಂದು ದೊಡ್ಡ ಹಾಳೆಯಲ್ಲಿ ಐವತ್ತು ವರ್ಷ ಬರೆದು, ಜಮೆ ಒಂದು ಕಾಲಂ, ಬಿಲ್ಲು ಒಂದು ಕಾಲಂ ಮಾಡಿ ತುಂಬುತ್ತಾ ಹೋದೆ. ಏಳು ವರ್ಷ ಫೀ ಬಂದಿದೆ, ಬಿಲ್ಲು ಇಲ್ಲ. ಆ ವರ್ಷಗಳಲ್ಲಿ ಸಂಚಿಕೆಯೇ ಬಂದಿಲ್ಲ, ಮಕ್ಕಳ ದುಡ್ಡು ಬೇರೆ ಕಡೆ ಹೋಗಿದೆ. ಇದನ್ನು ಇತಿಹಾಸದಲ್ಲಿ ಬರೆಯಬೇಡಿ ಅಂತ ಕಮಿಟಿಯ ಒಬ್ಬರು ಹೇಳಿದರು. ನಾನು ಬರೆದೆ. ಏಳು ವರ್ಷಗಳನ್ನೂ ಹೆಸರಿಸಿ ಬರೆದೆ.

ಉಳಿದ 22ರಲ್ಲಿ 17 ಸಿಕ್ಕವು. ನಿವೃತ್ತ ಗುಮಾಸ್ತರ ಟ್ರಂಕಿನಲ್ಲಿ ಆರು. ಹಳೇ ಸಂಪಾದಕರ ಮನೆಗಳಲ್ಲಿ ಒಂದೊಂದು, ಎರಡೆರಡು. ಹೆಣ್ಣುಮಕ್ಕಳ ತವರುಮನೆಗಳಲ್ಲಿ ಜಾಸ್ತಿ ಸಿಕ್ಕವು, ಇದನ್ನು ನೆನಪಿಟ್ಟುಕೊಳ್ಳಿ. ತಮ್ಮ ಹೆಸರು ಮೊದಲ ಸಲ ಅಚ್ಚಾದ ಪುಸ್ತಕವನ್ನು ಅವರ ಅವ್ವಂದಿರು ರದ್ದಿಗೆ ಹಾಕಿಲ್ಲ.

ಹಳೇ ಸಂಚಿಕೆಗಳನ್ನು ಸಾಲಾಗಿ ಇಟ್ಟು ಓದಿದರೆ ಜಗಳಗಳೂ ಸಾಲಾಗಿ ಕಾಣುತ್ತವೆ. 1975–76ರದ್ದು ತೆಗೆದರೆ ಮೊದಲ ಪುಟದಲ್ಲೇ ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮ. ಒಳಗೆ ಒಂದು ಕಥೆ ಇಲ್ಲ, ಎಲ್ಲ ಆರೋಗ್ಯ, ಶಿಸ್ತು, ಉಳಿತಾಯ. ಆ ವರ್ಷದ ಸಂಪಾದಕರನ್ನು ಹುಬ್ಬಳ್ಳಿಯಲ್ಲಿ ಭೇಟಿ ಮಾಡಿದೆ. ನಾಲ್ಕು ಕಥೆ ಬಂದಿದ್ದವು, ನಾಲ್ಕೂ ತೆಗೆದರು, ಯಾಕೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ ಅಂದರು. ಗೋಕಾಕ್ ಚಳವಳಿಯ 1982ರಲ್ಲಿ ಹುಡುಗರು ಹಟ ಹಿಡಿದು ಕನ್ನಡ ವಿಭಾಗವನ್ನು ಮುಂದಕ್ಕೆ ತಂದರು. ಅಲ್ಲಿಯವರೆಗೆ ಇಂಗ್ಲಿಷ್ ಮೊದಲು, ಕನ್ನಡ ನಡುವೆ, ಹಿಂದಿ ಕೊನೆಗೆ ಇರುತ್ತಿತ್ತು. ಬೇರೆಯವರ ಕವಿತೆ ತಮ್ಮದೆಂದು ಕೊಟ್ಟು ಸಿಕ್ಕಿಬಿದ್ದ ಪ್ರಕರಣಗಳು ಪ್ರತಿ ದಶಕದಲ್ಲೂ ಇವೆ, ಅದನ್ನು ಬೆಳೆಸುವುದಿಲ್ಲ.

ಆದರೆ ಒಂದು ಸಂಚಿಕೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. 1997–98. ನನ್ನದೇ.

ಆ ಸಂಚಿಕೆ ತೆಗೆದರೆ 46ನೇ ಪುಟದ ಪಕ್ಕದಲ್ಲೇ 49 ಬರುತ್ತದೆ. ನಡುವೆ ಬೆರಳು ಆಡಿಸಿದರೆ ಹೊಲಿಗೆಯ ಹತ್ತಿರ ಅರ್ಧ ಇಂಚಿನ ಅಂಚು ಕೈಗೆ ತಾಗುತ್ತದೆ. ಬ್ಲೇಡಿನಿಂದ ಕತ್ತರಿಸಿದ ಗುರುತು ಅದು. ಎಲ್ಲ ಪ್ರತಿಗಳಲ್ಲೂ ಹೀಗೇ ಇದೆ. 600 ಪ್ರತಿ, ಎರಡು ದಿನ ಕತ್ತರಿಸಿದರು. ನಾನು ಅಲ್ಲೇ ಕೂತಿದ್ದೆ.

ಆ ಹಾಳೆಯಲ್ಲಿದ್ದದ್ದು ನನ್ನ ಸಹಪಾಠಿಯೊಬ್ಬನ ಬರಹ. ಘಟಪ್ರಭಾ ದಂಡೆಯ ಮುಳುಗಡೆ ಹಳ್ಳಿಯವನು. ಬಾಗಲಕೋಟೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಊರಲ್ಲಿ ಎಲ್ಲಿ ನೋಡಿದರೂ ನೋಟಿಸ್, ಅಳತೆ, ಪರಿಹಾರ, ಇದೇ ಮಾತು. ಅಳತೆಗೆ ಬಂದವರು ಮನೆ, ಕೊಟ್ಟಿಗೆ, ಬಾವಿ, ಬೇವಿನ ಗಿಡ ಎಲ್ಲ ಬರೆದುಕೊಂಡಿದ್ದನ್ನು ಅವನು ಒಂದೊಂದಾಗಿ ಬರೆದಿದ್ದ. ಅವರವ್ವ ಹಗೇವಿಗೆ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಗೆ, ಎಷ್ಟು ರೊಕ್ಕ ಅಂತ ಕೇಳಿದಳಂತೆ. ಅದಕ್ಕೆ ಕಾಲಂ ಇಲ್ಲ ಅಂದರಂತೆ. ಮೂರು ತಲೆಮಾರು ಜೋಳ ತುಂಬಿಟ್ಟ ಹಗೇವು. ಬರಹದ ಕೊನೆಗೆ, ಪರಿಹಾರದ ಚೆಕ್ಕು ಕೈಗೆ ಬರುವ ಮೊದಲೇ ಅದರಲ್ಲಿ ಪಾಲು ತಗೊಂಡ ಮಧ್ಯಸ್ಥನ ಹೆಸರನ್ನು ಬರೆದಿದ್ದ. ಆ ಮನುಷ್ಯ ಊರಲ್ಲಿ ಎಲ್ಲರಿಗೂ ಗೊತ್ತಿದ್ದವನು. ಅಚ್ಚಾದ ಮೇಲೆ ಯಾರೋ ಅದನ್ನು ಪ್ರಿನ್ಸಿಪಾಲರಿಗೆ ತೋರಿಸಿದರು.

ಹಾಳೆ ಕತ್ತರಿಸಿದ್ದು ಯಾಕೆ, ಬೇರೆ ಅಚ್ಚು ಹಾಕಲಿಲ್ಲ ಯಾಕೆ ಅಂತ ಈಗಿನ ಹುಡುಗರು ಕೇಳುತ್ತಾರೆ. ಆಗ ನಮ್ಮದು ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸುವ ಪ್ರೆಸ್. ಒಟ್ಟಿಗೆ ಅಚ್ಚು ಮಾಡಿ ಮಡಿಸುವ ಹದಿನಾರು ಪುಟಕ್ಕೊಂದು ಫಾರ್ಮ್. ಒಂದು ಫಾರ್ಮ್ ಅಚ್ಚಾದ ಕೂಡಲೇ ಮೊಳೆಗಳನ್ನು ಬಿಚ್ಚಿ, ತೊಳೆದು, ಒಂದೊಂದನ್ನೂ ಪೆಟ್ಟಿಗೆಯಲ್ಲಿ ಅದರ ಮನೆಗೆ ಹಾಕಿ, ಅದೇ ಮೊಳೆಯಿಂದ ಮುಂದಿನ ಫಾರ್ಮ್ ಜೋಡಿಸಬೇಕು. ಕನ್ನಡಕ್ಕೆ ಒತ್ತಕ್ಷರ, ಕಾಗುಣಿತ ಸೇರಿ ಮನೆಗಳು ಎಷ್ಟಿರುತ್ತವೆ ಅಂತ ಒಮ್ಮೆ ನಿಂತು ನೋಡಿದವರಿಗೆ ಗೊತ್ತು. 33ರಿಂದ 48ರವರೆಗಿನ ಫಾರ್ಮ್ ಆಗಲೇ ಬಿಚ್ಚಿ ಆಗಿತ್ತು. 47–48 ಆ ಫಾರ್ಮಿನ ಕೊನೇ ಹಾಳೆ, ಮಡಿಕೆಯ ಆಚೆ ಅದಕ್ಕೆ ಅಂಟಿಕೊಂಡಿದ್ದು 33–34. ಪೂರ್ತಿ ಕಿತ್ತರೆ ಅದೂ ಬಿಡುತ್ತದೆ. ಅದಕ್ಕೇ ಅಂಚು ಬಿಟ್ಟು ಕತ್ತರಿಸಿದರು. ಪರಿವಿಡಿಯ ಫಾರ್ಮ್ ಕೊನೆಗೆ ಅಚ್ಚಾಗುವುದರಿಂದ ಅದರಲ್ಲಿ ಆ ಬರಹದ ಹೆಸರೇ ಬರಲಿಲ್ಲ.

ಪ್ರೆಸ್ಸಿನ ಕಾಕಾ ಅವತ್ತು ನನಗೊಂದು ಮಾತು ಹೇಳಿದ್ದರು. "ತಂಗಿ, ಆ ಮನಷ್ಯಾನ ಹೆಸರು ಒಂದ ತಗದು, ಎರಡ ಪೇಜ್ ಹೊಸದಾಗಿ ಜೋಡಿಸಿ ಕೊಡ್ತೀನಿ. ಈ ಅಂಚಿಗೆ ಅಂಟಿಸಿದ್ರ ಆತು. ನಿಮ್ಮ ಸರ್‌ಗ ಕೇಳು." ಎರಡು ಪುಟದ ಕೆಲಸ, ಒಂದು ದಿನ. ನಾನು ಹೋಗಿ ಕೇಳಲಿಲ್ಲ. ಪ್ರಿನ್ಸಿಪಾಲರ ಎದುರು ನಿಲ್ಲಲು ಧೈರ್ಯ ಸಾಲಲಿಲ್ಲ. ಸಂಚಿಕೆ ಬಿಡುಗಡೆಯ ದಿನ ಆ ಹುಡುಗ ಪ್ರತಿ ತಗೊಂಡು, ನಿಂತಲ್ಲೇ ಪುಟ ತಿರುವಿ, ಮತ್ತೆ ಹಿಂದಕ್ಕೆ ತಿರುವಿ ನೋಡಿದ. ನನ್ನನ್ನು ಏನೂ ಕೇಳಲಿಲ್ಲ. ಹದಿನಾರು ವರ್ಷ ಇದು ನನ್ನ ಮನಸ್ಸಿನಲ್ಲಿತ್ತು.

ಹೆಸರು ತೆಗೆಸಿದ್ದರೆ ಪ್ರಿನ್ಸಿಪಾಲರು ತಪ್ಪು ಮಾಡಿದ್ದಾರೆ ಅಂತ ನಾನು ಅನ್ನುತ್ತಿರಲಿಲ್ಲ. ಸಾಕ್ಷಿ ಇಲ್ಲದೆ ಒಬ್ಬರ ಹೆಸರು ಹಾಕಿ ಆರೋಪ ಅಚ್ಚು ಮಾಡಿದರೆ ಕಾಲೇಜು ಕೋರ್ಟಿಗೆ ಹೋಗಬೇಕಾಗುತ್ತದೆ, ಹುಡುಗನಿಗೂ ತೊಂದರೆ. ಅದು ಸಂಪಾದಕಿಯಾಗಿ ನಾನೇ ನೋಡಬೇಕಾಗಿದ್ದ ಮಾತು. ಪ್ರೂಫ್‌ನಲ್ಲಿ ದೀರ್ಘ ಬಿಟ್ಟದ್ದು, ಒತ್ತು ಬಿಟ್ಟದ್ದು ಎಲ್ಲ ಹುಡುಕಿದೆ, ಇದನ್ನು ನೋಡಲಿಲ್ಲ. ಆದರೆ ಒಂದು ಹೆಸರಿಗಾಗಿ ಹಗೇವೂ ಹೋಯಿತು, ಅವ್ವನೂ ಹೋದಳು, ಬೇವಿನ ಗಿಡವೂ ಹೋಯಿತು. ಅದು ತಪ್ಪು.

2014ರಲ್ಲಿ ಅವನನ್ನು ಹುಡುಕಿದೆ. ಮುಳುಗಡೆಯಾದವರ ಪುನರ್ವಸತಿ ಕೇಂದ್ರವೊಂದರಲ್ಲಿ ಮನೆ, ಪ್ರೈಮರಿ ಶಾಲೆಯ ಮೇಷ್ಟ್ರು. ಕೈಬರಹದ ಪ್ರತಿ ಅವನ ಹತ್ತಿರವೂ ಇರಲಿಲ್ಲ. ಆಗ ಪ್ರೆಸ್ ನೆನಪಾಯಿತು. 1867ರ ಪ್ರೆಸ್ ಮತ್ತು ಪುಸ್ತಕ ನೋಂದಣಿ ಕಾನೂನಿನ ಪ್ರಕಾರ ಪುಸ್ತಕದ ಮೇಲೆ ಮುದ್ರಕರ ಹೆಸರು, ಊರು ಹಾಕಲೇಬೇಕಿತ್ತು, ಹಾಗಾಗಿ ಹಳೇ ಸಂಚಿಕೆ ಎಲ್ಲಿ ಅಚ್ಚಾಯಿತು ಅಂತ ತಿಳಿಯಬೇಕಾದರೆ ಮೊದಲು ಆ ಸಾಲು ನೋಡಿ. ನನಗೆ ಅದನ್ನು ನೋಡುವ ಅಗತ್ಯ ಇರಲಿಲ್ಲ. ಕಾಕಾ ತೀರಿಕೊಂಡಿದ್ದರು. ಮಗ ನವನಗರದಲ್ಲಿ ಆಫ್‌ಸೆಟ್ ಹಾಕಿದ್ದಾರೆ. ಕತ್ತರಿಸಿದ 600 ಹಾಳೆ ಏನಾದವು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅಪ್ಪಾ ಕಾಗದ ಒಗೀತಿರಲಿಲ್ಲ ಅಕ್ಕಾ, ಬಿಲ್ ಬುಕ್ಕಿನ ರಟ್ಟಿಗೆ ಹಚ್ಚತಿದ್ರು" ಅಂದರು.

ಅಟ್ಟದ ಮೇಲೆ ಅಪ್ಪನ ಕಾಲದ ಬಿಲ್ ಬುಕ್ಕುಗಳ ಒಂದು ಗಂಟು ಇತ್ತು. 1998ರ ಒಂದು ಪುಸ್ತಕದ ರಟ್ಟು ಬಿಚ್ಚಿಕೊಂಡಿತ್ತು. ಒಳಗೆ ಅಚ್ಚಿನ ಅಕ್ಷರ. ಹಿಟ್ಟಿನ ಅಂಟು, ಅದಕ್ಕೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಟ್ಟು, ಮೂಲೆಯಿಂದ ಮೆಲ್ಲಗೆ ಎತ್ತಿದೆವು. ಒಂದು ಹಾಳೆಯಲ್ಲಿ 47ನೇ ಪುಟ ಚೆನ್ನಾಗಿತ್ತು, ಹಿಂದುಗಡೆ 48 ಅಂಟಿಗೆ ಹೋಗಿತ್ತು. ಹಿಂದಿನ ರಟ್ಟಿನಲ್ಲಿ ಹಾಳೆ ತಿರುಗಿಸಿ ಹಚ್ಚಿದ್ದರು, ಅಲ್ಲಿ 48 ಉಳಿದಿತ್ತು. ಎರಡೂ ಸೇರಿ ಪೂರ್ತಿ ಬರಹ ಸಿಕ್ಕಿತು, ಒಂದೂವರೆ ಸಾಲು ಬಿಟ್ಟು. ಆ ಒಂದೂವರೆ ಸಾಲನ್ನು ಅವನು ಫೋನಿನಲ್ಲೇ ಹೇಳಿದ. ಹದಿನಾರು ವರ್ಷದ ಮೇಲೂ ಬಾಯಿಪಾಠ ಇತ್ತು.

ಕಮಿಟಿಯಲ್ಲಿ ಎರಡು ಸಭೆ ನಡೆದವು. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ವರ್ಷ, ಸುಮ್ನೆ ಹಳೇದನ್ನು ಯಾಕೆ ಕೆದಕಬೇಕು ಅಂದವರಿದ್ದರು. ನಾನು ಮೂರು ಕಾಗದ ಇಟ್ಟೆ. ಬರೆದವನ ಒಪ್ಪಿಗೆ ಪತ್ರ, ಮಧ್ಯಸ್ಥನ ಹೆಸರು ತೆಗೆದ ಹೊಸ ಪ್ರತಿ, ಮತ್ತು 1998ರಲ್ಲಿ ಏನಾಯಿತು, ಅದರಲ್ಲಿ ನನ್ನ ಪಾಲು ಏನು ಅಂತ ನಾನು ಬರೆದ ಒಂದು ಪುಟ. ಆ ಬರಹವನ್ನು ಮತ್ತೆ ಅಚ್ಚು ಹಾಕಲು ಕೊನೆಗೆ ಒಪ್ಪಿದರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತುಗಳು ಜಾಗ ತಪ್ಪಿದವು, ಮೂರು ಸಲ ಪ್ರೂಫ್ ನೋಡಿದೆ. ಈ ಸಲ ಒತ್ತು, ದೀರ್ಘದ ಜೊತೆ ಹೆಸರುಗಳನ್ನೂ ನೋಡಿದೆ.

ಅವತ್ತಿನಿಂದ ನಮ್ಮ ಗ್ರಂಥಾಲಯದಲ್ಲಿ ಒಂದು ಫೈಲ್ ಇದೆ. ಸಂಚಿಕೆಯಿಂದ ಕೈಬಿಟ್ಟ ಬರಹಗಳೆಲ್ಲ ಅದರಲ್ಲಿ ಇರುತ್ತವೆ, ಯಾಕೆ ಬಿಟ್ಟೆವು ಅಂತ ಎರಡು ಸಾಲು, ಅದರ ಕೆಳಗೆ ಸಹಿ. ವಿದ್ಯಾರ್ಥಿ ಕೇಳಿದರೆ ತೋರಿಸುತ್ತೇವೆ. ಸಹಿ ಹಾಕಬೇಕು ಅಂದಾಗ ಎಷ್ಟೋ ಬರಹಗಳನ್ನು ಬಿಡುವ ಮಾತೇ ಬರುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು.

ಐದು ಸಂಚಿಕೆ ಇನ್ನೂ ಸಿಕ್ಕಿಲ್ಲ: 1968–69, 1971–72, 1979–80, 1983–84, 1990–91. ಬಿಲ್ಲುಗಳಿವೆ, ಅಂದರೆ ಅಚ್ಚಾಗಿವೆ. ಬಾಗಲಕೋಟೆಯಲ್ಲಿ ಓದಿದವರು ನಿಮ್ಮ ಮನೆಯಲ್ಲಿದ್ದರೆ, ಅವರ ಹಳೇ ಟ್ರಂಕು, ಅಟ್ಟ, ತವರುಮನೆಯ ಕಪಾಟು ಒಮ್ಮೆ ನೋಡಿ. ಹೊದಿಕೆ ಹರಿದಿದ್ದರೂ ಪರವಾಗಿಲ್ಲ. ಪುಟಗಳ ಸಂಖ್ಯೆ ಮಾತ್ರ ಒಂದೊಂದಾಗಿ ಎಣಿಸಿ ನೋಡಿ.